ತೂಬಿನಿಂದ ಒಳಬಂದ ನೀರು: ಅರೆ-ಕಸ್ಟಮ್ ದೋಣಿಯೊಂದರ ಆರ್ಡರ್ ಪ್ರಕರಣ

ಮೊದಲು ದೋಣಿಯ ಹಿಂಬದಿಯ ಎರೆಮೀನಿನ ತೊಟ್ಟಿಯನ್ನು ತುಂಬಿಸಿದೆವು, 150 ಲೀಟರ್. ಆಮೇಲೆ 20 ಲೀಟರಿನ ನೀರಿನ ಕ್ಯಾನುಗಳನ್ನು ಒಂದೊಂದಾಗಿ ತಂದು ಎಂಜಿನ್ನಿನ ಮುಂದೆ ಸಾಲಾಗಿ ಇಡುತ್ತಾ ಹೋದೆವು. ಆರನೆಯ ಕ್ಯಾನಿಗೆ ಡೆಕ್ಕಿನ ಮೂಲೆಯ ತೂಬಿನಲ್ಲಿ ಗುಳುಗುಳು ಸದ್ದು. ಎಂಟನೆಯದಕ್ಕೆ ನಾಲಗೆ ಚಾಚಿದಂತೆ ನೀರು ಒಳಗೆ ಬಂತು. ಒಂಬತ್ತನೆಯದನ್ನೂ ಇಟ್ಟು ನಾವಿಬ್ಬರು ಅಲ್ಲೇ ನಿಂತಾಗ ಭಾವನ ಕಾಲಿನ ಹೆಬ್ಬೆರಳು ಮುಳುಗಿತ್ತು. ದೋಣಿ ದಡಕ್ಕೆ ಕಟ್ಟಿತ್ತು, ಅಲೆ ಇರಲಿಲ್ಲ, ಗಾಳಿಯೂ ಇರಲಿಲ್ಲ.

ದೋಣಿ ಕಟ್ಟುವ ಯಾರ್ಡಿನ ಮೇಸ್ತ್ರಿ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. "ಇಷ್ಟು ಭಾರವನ್ನು ಒಂದೇ ಕಡೆ ಯಾರು ಇಡುತ್ತಾರೆ?" ಎಂದರು. "ನಾವೇ. ನಮ್ಮ ಆರ್ಡರಿನಲ್ಲಿ ಹಾಗೇ ಬರೆದಿದೆ" ಎಂದೆ.

ಆ ಒಂಬತ್ತು ಕ್ಯಾನುಗಳ 180 ಕಿಲೋ ಎಲ್ಲಿಂದ ಬಂತೆಂದು ಹೇಳಬೇಕಾದರೆ ನಾಲ್ಕು ತಿಂಗಳು ಹಿಂದಕ್ಕೆ ಹೋಗಬೇಕು.

ಹಿನ್ನೆಲೆ

ಭಾವ ಮತ್ತು ನಾನು ಜೊತೆಯಾಗಿ 25 ಅಡಿಯ ಸೆಂಟರ್ ಕನ್ಸೋಲ್ ದೋಣಿಯೊಂದನ್ನು ಮಾಡಿಸಲು ಹೊರಟಿದ್ದೆವು. ಈ ಬಗೆಯ ದೋಣಿಯಲ್ಲಿ ಚುಕ್ಕಾಣಿ, ಮೀಟರುಗಳು, ಸ್ವಿಚ್ಚುಗಳು ಎಲ್ಲವೂ ನಡುವಿನ ಒಂದು ಗೂಡಿನಲ್ಲಿರುತ್ತವೆ. ಸುತ್ತಲೂ ನಡೆದಾಡಲು ಜಾಗ ಇರುವುದರಿಂದ ಗಾಳಕ್ಕೆ ಸಿಕ್ಕ ಮೀನು ಯಾವ ದಿಕ್ಕಿಗೆ ಓಡಿದರೂ ಕೋಲು ಹಿಡಿದು ಅದರ ಬೆನ್ನು ಹತ್ತಬಹುದು. ಮಲಗಲು ಕೋಣೆಯಿಲ್ಲ, ಮಳೆಗೆ ಮರೆಯಿಲ್ಲ. ಮೀನು ಹಿಡಿಯುವುದಕ್ಕೆಂದೇ ಕಟ್ಟಿದ ದೋಣಿ.

ಅರೆ-ಕಸ್ಟಮ್ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ, ಅರ್ಥ ಮಾತ್ರ ಅವರವರದು. ಯಾರ್ಡಿನ ಬಳಿ ದೋಣಿಯ ಒಡಲಿನ ಅಚ್ಚು ಇದೆ, ಡೆಕ್ಕಿನ ಅಚ್ಚು ಇದೆ. ಅವೆರಡೂ ನಿಮಗಾಗಿ ಬದಲಾಗುವುದಿಲ್ಲ. ಅಗಲ, ತಳದ ಕೋನ, ನೀರಿನಿಂದ ಡೆಕ್ ಎಷ್ಟು ಮೇಲೆ ಎನ್ನುವುದು, ಇವೆಲ್ಲ ಅಚ್ಚಿನಲ್ಲೇ ಬರೆದಿಟ್ಟ ಹಣೆಬರಹ. ಎಂಜಿನ್, ಟ್ಯಾಂಕು, ತೊಟ್ಟಿಗಳು, ಆಸನ, ಮೇಲ್ಛಾವಣಿ, ವೈರಿಂಗ್, ಕೋಲು ಸಿಗಿಸುವ ಕೊಳವೆಗಳು ನಿಮ್ಮ ಇಷ್ಟದಂತೆ. ಬದಲಾಗುವುದರ ಪಟ್ಟಿ ಉದ್ದವಾದ್ದರಿಂದ ಮನಸ್ಸು ಅಲ್ಲೇ ಸುತ್ತುತ್ತದೆ. ಮೊದಲ ಮೂರು ವಾರ ನಾವು ದಿಂಬಿನ ಬಣ್ಣದ ಬಗ್ಗೆ ಆಡಿದಷ್ಟು ಮಾತನ್ನು ತೂಕದ ಬಗ್ಗೆ ಆಡಿರಲಿಲ್ಲ.

ನಮ್ಮನ್ನು ದಾರಿಗೆ ತಂದದ್ದು ಭಾವನ ಹಳೆಯ ನೋಟ್‌ಬುಕ್. ಹಿಂದಿನ ದೋಣಿಯಲ್ಲಿ ಎರಡು ವರ್ಷ ಹೋಗಿಬಂದ ಪ್ರತಿ ಸಲವೂ ಅವರು ಒಂದು ಸಾಲು ಬರೆದಿಟ್ಟಿದ್ದರು: ಎಷ್ಟು ಜನ, ಎಷ್ಟು ದೂರ, ಸಮುದ್ರ ಹೇಗಿತ್ತು, ಏನು ಸಿಕ್ಕಿತು. ಕೊನೆಯ ಕಲಮು ಬಹುತೇಕ ಖಾಲಿ, ಅದು ಬೇರೆ ಮಾತು. 41 ಸಾಲುಗಳನ್ನು ಒಂದು ಸಂಜೆ ಕೂತು ಎಣಿಸಿದೆವು. ಅತಿ ದೂರ ಹೋದದ್ದು 38 ನಾಟಿಕಲ್ ಮೈಲಿ. ನಾಲ್ಕಕ್ಕಿಂತ ಹೆಚ್ಚು ಜನ ಇದ್ದದ್ದು ಐದೇ ಸಲ. ಹೋದ ದಿನಗಳಲ್ಲಿ ಹೆಚ್ಚಿನ ಹೊತ್ತು ಎಂಜಿನ್ ನಿಲ್ಲಿಸಿ, ನೀರಿನ ಸೆಳೆತಕ್ಕೆ ದೋಣಿಯನ್ನು ಬಿಟ್ಟು, ತಳದ ಮೀನಿಗೆ ಗಾಳ ಇಳಿಸಿ ಕಳೆದಿದ್ದೆವು. ಭಾವನ ಕಲ್ಪನೆಯಲ್ಲಿದ್ದ ದೋಣಿ ಮಾತ್ರ ಸದಾ 40 ನಾಟ್ ವೇಗದಲ್ಲಿ ಓಡುತ್ತಲೇ ಇತ್ತು.

ಒಡಲಿನ ಆಯ್ಕೆ

ಎರಡು ಯಾರ್ಡುಗಳು ಕೊನೆಯವರೆಗೆ ಉಳಿದವು. ಒಂದರ ಒಡಲಿಗೆ ಹಿಂಬದಿಯಲ್ಲಿ 24 ಡಿಗ್ರಿ ಕೋನ, ಇನ್ನೊಂದಕ್ಕೆ 20. ಇದಕ್ಕೆ ಡೆಡ್‌ರೈಸ್ ಎನ್ನುತ್ತಾರೆ: ತಳದ ವಿ ಆಕಾರ ಎಷ್ಟು ಚೂಪು ಎಂಬುದರ ಅಳತೆ. ಚೂಪಾದಷ್ಟೂ ಎದುರಲೆಯನ್ನು ಸೀಳಿ ಮೆತ್ತಗೆ ಇಳಿಯುತ್ತದೆ. 1960ರ ಮಿಯಾಮಿ–ನಸ್ಸಾವು ಸ್ಪರ್ಧೆಯಲ್ಲಿ ರೇಮಂಡ್ ಹಂಟ್ ವಿನ್ಯಾಸದ ಆಳ-ವಿ ದೋಣಿ ಕೆಟ್ಟ ಸಮುದ್ರದಲ್ಲಿ ಗೆದ್ದ ಮೇಲೆ ಈ ಆಕಾರಕ್ಕೆ ಬಂದ ಕೀರ್ತಿ ಇನ್ನೂ ಇಳಿದಿಲ್ಲ. ಆದರೆ ಓಟ ಗೆದ್ದ ಆಕಾರ ನಿಂತಾಗ ಹೇಗಿರುತ್ತದೆ ಎನ್ನುವುದು ಓಟದಲ್ಲಿ ಗೊತ್ತಾಗುವುದಿಲ್ಲ. ಚೂಪು ತಳ ನಿಂತಲ್ಲಿ ಹೆಚ್ಚು ಹೊರಳುತ್ತದೆ. ಅದೇ ವೇಗಕ್ಕೆ ಹೆಚ್ಚು ಶಕ್ತಿಯನ್ನೂ ಬೇಡುತ್ತದೆ.

ಎರಡನ್ನೂ ಒಂದೇ ವಾರದಲ್ಲಿ ಓಡಿಸಿ ನೋಡಿದೆವು. ಎದುರಲೆಯಲ್ಲಿ 24 ಡಿಗ್ರಿಯದು ನಿಜಕ್ಕೂ ಚೆನ್ನಾಗಿತ್ತು, ಮಂಡಿಗೆ ಪೆಟ್ಟೇ ಇಲ್ಲ. ಎಂಜಿನ್ ನಿಲ್ಲಿಸಿ ಅಡ್ಡಲೆಗೆ ಬಿಟ್ಟಾಗ ಮೂವರು ಒಂದೇ ಮಗ್ಗುಲಿಗೆ ಬಂದರೆ ಆ ಕಡೆ ಅಂಚು ತಗ್ಗುತ್ತಿತ್ತು, ಕಾಲು ಹುಡುಕಿ ನಿಲ್ಲಬೇಕಾಗುತ್ತಿತ್ತು. ನೋಟ್‌ಬುಕ್ ಹೇಳಿದಂತೆ ನಮ್ಮ ದಿನದ ಬಹುಪಾಲು ಹೀಗೆ ನಿಂತೇ ಹೋಗುವುದು. 20 ಡಿಗ್ರಿಯದನ್ನು ಆರಿಸಿದೆವು. ದೂರದ ಓಟವೇ ಮುಖ್ಯವಾದವರಿಗೆ ಇದು ತಪ್ಪು ಆಯ್ಕೆಯಾಗುತ್ತಿತ್ತು.

ಅದರ ಕ್ಯಾಟಲಾಗಿನಲ್ಲಿ ಯೂರೋಪಿನ ನಿಯಮದ ವಿನ್ಯಾಸ ವರ್ಗವೂ ಇತ್ತು: ಬಿ ವರ್ಗದಲ್ಲಿ 5 ಜನ, ಸಿ ವರ್ಗದಲ್ಲಿ 8 ಜನ. ಬಿ ಎಂದರೆ ಗಾಳಿಯನ್ನು ಅಳೆಯುವ ಬ್ಯೂಫರ್ಟ್ ಮಾಪಕದಲ್ಲಿ 8ನೆಯ ಬಲದ ಗಾಳಿ, 4 ಮೀಟರ್ ಅಲೆಯವರೆಗಿನ ಲೆಕ್ಕ. ಸಿ ಎಂದರೆ 6ನೆಯ ಬಲ, 2 ಮೀಟರ್. ಮಾರುವವರು ಸಾಮಾನ್ಯವಾಗಿ ಬಿ ಎಂಬ ಅಕ್ಷರವನ್ನೂ 8 ಜನ ಎಂಬ ಸಂಖ್ಯೆಯನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ದೋಣಿಗೆ ಅಂಟಿಸಿದ ಫಲಕವನ್ನು ನೀವೇ ಓದಿಕೊಳ್ಳಿ.

ಎಂಜಿನ್ನಿನ ಜಗಳ

ಭಾವನಿಗೆ 150 ಅಶ್ವಶಕ್ತಿಯ ಎರಡು ಎಂಜಿನ್ ಬೇಕು. ನನಗೆ 300ರದ್ದು ಒಂದು ಸಾಕು. ಶಕ್ತಿ ಒಂದೇ, ತೂಕ ಒಂದೇ ಅಲ್ಲ. 150ರದ್ದು ಒಂದೊಂದೂ ಸುಮಾರು 220 ಕಿಲೋ, ಎರಡಕ್ಕೆ 440. 300ರ ವಿ-6 ಸುಮಾರು 260. ವ್ಯತ್ಯಾಸ 180 ಕಿಲೋ, ಅಂದರೆ ನಮ್ಮ ಒಂಬತ್ತು ಕ್ಯಾನು.

"ಮೂವತ್ತೆಂಟು ಮೈಲಿ ಆಚೆ ಒಂದು ಎಂಜಿನ್ ನಿಂತರೆ ನಿನ್ನ ಲೆಕ್ಕದ ಹಾಳೆಯನ್ನು ಹುಟ್ಟು ಮಾಡಿಕೊಂಡು ಬರುತ್ತೀಯಾ?" ಎಂದರು ಭಾವ. ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಒಂದು 150ರಲ್ಲಿ ಈ ದೋಣಿ ನೀರಿನ ಮೇಲೆದ್ದು ಓಡುವುದಿಲ್ಲ, ಆದರೂ ಆರೇಳು ನಾಟ್ ವೇಗದಲ್ಲಿ ಮನೆಗಂತೂ ತಲುಪಿಸುತ್ತದೆ. ನಾನು ಹಿಡಿದ ಹಟ ಬೇರೆ ಕಡೆಯದು: ಎರಡೂ ಎಂಜಿನ್ನಿಗೆ ಒಂದೇ ಟ್ಯಾಂಕು, ಒಂದೇ ಫಿಲ್ಟರ್, ಒಂದೇ ಬ್ಯಾಟರಿ ಇದ್ದರೆ ಅವು ಎರಡಲ್ಲ, ನೀರು ಬೆರೆತ ಪೆಟ್ರೋಲಿಗೆ ಎರಡೂ ಒಟ್ಟಿಗೇ ನಿಲ್ಲುತ್ತವೆ. ಎರಡು ಬೇಕೆಂದಾದರೆ ಟ್ಯಾಂಕಿನಿಂದ ಇಂಧನ ಎಳೆಯುವ ಕೊಳವೆ, ನೀರು ಬೇರ್ಪಡಿಸುವ ಫಿಲ್ಟರ್, ಸ್ಟಾರ್ಟಿಂಗ್ ಬ್ಯಾಟರಿ, ಎಲ್ಲವೂ ಎರಡಾಗಬೇಕು. ಭಾವ ಒಪ್ಪಿದರು. ಹಿಂಬದಿಗೆ ಇನ್ನಷ್ಟು ತೂಕ ಬಂತು.

ಅದರ ಮೇಲೆ ಹಿಂಗೋಡೆಯಲ್ಲೇ 150 ಲೀಟರಿನ ಎರೆಮೀನಿನ ತೊಟ್ಟಿ, ಅದರ ಕೆಳಗೆ ಮೂರು ಬ್ಯಾಟರಿ, 550 ಲೀಟರಿನ ಟ್ಯಾಂಕು, ಮೇಲ್ಛಾವಣಿಯ ಮೇಲೆ ಇನ್ನೊಂದು ಚುಕ್ಕಾಣಿ ಇರುವ ಟವರ್. ಪಟ್ಟಿಗೆ ಸೇರಿಸುವಾಗ ಪ್ರತಿಯೊಂದಕ್ಕೂ ಒಂದು ನ್ಯಾಯ ಇತ್ತು. ಒಟ್ಟಾಗಿ ಯಾರೂ ಕೂಡಿಸಿರಲಿಲ್ಲ. ಯಾರ್ಡೂ ಕೂಡಿಸಲಿಲ್ಲ. ಒಂದೇ ಎಂಜಿನ್ ಇದ್ದ ಅವರ ಪ್ರದರ್ಶನದ ದೋಣಿಯಲ್ಲಿ ಕ್ಯಾನು ಇಟ್ಟು ನೋಡೋಣ ಎಂದದ್ದು ನಾನು, ಅದೂ ಭಾವನ ಬಾಯಿ ಮುಚ್ಚಿಸುವ ಉದ್ದೇಶದಿಂದ. ಮೂರು ಬೆರಳು ಎತ್ತರದಲ್ಲಿದ್ದ ತೂಬು ಮುಳುಗುತ್ತದೆ ಎಂದು ನಾನೂ ಎಣಿಸಿರಲಿಲ್ಲ.

ತೂಬು ಏಕೆ ಮುಖ್ಯವೆಂದರೆ, ಈ ದೋಣಿಗಳ ಡೆಕ್ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿರುತ್ತದೆ. ಅಲೆ ಒಳಗೆ ಬಿದ್ದರೂ ಮಳೆ ಸುರಿದರೂ ನೀರು ತಾನಾಗಿ ಹಿಂದಕ್ಕೆ ಹರಿದು ತೂಬಿನಿಂದ ಹೊರಹೋಗುತ್ತದೆ. ಹಿಂಬದಿ ತಗ್ಗಿತೆಂದರೆ ಅದೇ ತೂಬು ಸಮುದ್ರಕ್ಕೆ ಬಾಗಿಲು. ಕವಾಟ ಹಾಕಬಹುದು. ಆದರೆ ನೀರು ಒಳಬರದಂತೆ ಮುಚ್ಚಿಕೊಂಡ ಕವಾಟ ಒಳಗಿನ ನೀರನ್ನೂ ಹೊರಬಿಡುವುದಿಲ್ಲ. ಡೆಕ್ಕನ್ನು ಐದು ಸೆಂಟಿಮೀಟರ್ ಎತ್ತರಿಸಿ ಕೊಡಿ ಎಂದು ಕೇಳಿದೆವು. ಮೇಸ್ತ್ರಿ ನಕ್ಕರು. ಅದು ಅಚ್ಚು.

ಹಾಗಾಗಿ ತೂಕವೇ ಜಾಗ ಬದಲಾಯಿಸಬೇಕಾಯಿತು. ತೇಲುವ ದೋಣಿ ತಕ್ಕಡಿಯಂತೆ. ಅದರ ಮುಳ್ಳು ಈ ಒಡಲಿನಲ್ಲಿ ಹಿಂಗೋಡೆಯಿಂದ ಸುಮಾರು 3 ಮೀಟರ್ ಮುಂದೆ ಇದೆ. ಎಂಜಿನ್ ಹಿಂಗೋಡೆಯಿಂದಲೂ ಸ್ವಲ್ಪ ಆಚೆ ತೂಗುವುದರಿಂದ ಹೆಚ್ಚುವರಿ 180 ಕಿಲೋ 3.3 ಮೀಟರ್ ದೂರದಲ್ಲಿ ಎಳೆಯುತ್ತದೆ: ಭಾರವನ್ನು ದೂರದಿಂದ ಗುಣಿಸಿದರೆ ಸುಮಾರು 594 ಕಿಲೋಗ್ರಾಂ-ಮೀಟರ್. ಕ್ಯಾನುಗಳು ಹಿಂಗೋಡೆಯ ಒಳಗಿದ್ದವು, ಅಂದರೆ ನಿಜವಾದ ಎಂಜಿನ್ ಇನ್ನೂ ಹೆಚ್ಚು ಮುಳುಗಿಸುತ್ತಿತ್ತು. ತೊಟ್ಟಿಯನ್ನು ಹಿಂಗೋಡೆಯಿಂದ ತೆಗೆದು ಚಾಲಕನ ಒರಗಾಸನದ ಬೆನ್ನಿಗೆ ತಂದರೆ 150 ಕಿಲೋ 1.7 ಮೀಟರ್ ಮುಂದೆ ಬರುತ್ತದೆ: 255. ತಲಾ 25 ಕಿಲೋದ ಮೂರು ಬ್ಯಾಟರಿ ಕನ್ಸೋಲಿನೊಳಗೆ 3 ಮೀಟರ್ ಮುಂದೆ ಹೋದರೆ: 225. ಎರಡೂ ಸೇರಿ 480. ಎರಡನೆಯ ಎಂಜಿನ್ನಿನ ಎಳೆತದಲ್ಲಿ ಐದಕ್ಕೆ ನಾಲ್ಕು ಪಾಲು ಅಲ್ಲಿಗೆ ತೀರಿತು. ದೋಣಿ ಒಟ್ಟಾರೆ ಒಂದೂವರೆ ಸೆಂಟಿಮೀಟರಿನಷ್ಟು ಹೆಚ್ಚು ಮುಳುಗುವುದು ಉಳಿಯಿತು, ಅದಕ್ಕೆ ಮದ್ದಿಲ್ಲ.

ಇದಕ್ಕೆ ಬೆಲೆಯೂ ಇತ್ತು. ಬ್ಯಾಟರಿ ದೂರವಾದಷ್ಟೂ ಕೇಬಲ್ ದಪ್ಪವಾಗಬೇಕು. ಹತ್ತು ಹನ್ನೆರಡು ಕಿಲೋ ತಾಮ್ರವೇ ಸೇರಿತು. ತೊಟ್ಟಿ ಮುಂದೆ ಬಂದದ್ದರಿಂದ ಒರಗಾಸನದ ಹಿಂದೆ ಬರಬೇಕಿದ್ದ ಗಾಳದ ಸಾಮಾನಿನ ಡ್ರಾಯರುಗಳು ಹೋದವು. ಭಾವನಿಗೆ ಎಂಜಿನ್ ಸಿಕ್ಕ ಸಂತೋಷಕ್ಕಿಂತ ಡ್ರಾಯರ್ ಹೋದ ದುಃಖವೇ ಹೆಚ್ಚಾಯಿತು.

ಟ್ಯಾಂಕಿನದು ಸುಲಭವಾಗಿ ಮುಗಿಯಿತು. ಒಟ್ಟು ಇಂಧನದಲ್ಲಿ ಮೂರರಲ್ಲೊಂದು ಪಾಲು ಹೋಗಲು, ಒಂದು ಬರಲು, ಒಂದು ಆಪತ್ತಿಗೆ ಎಂಬ ಹಳೆಯ ರೂಢಿಯನ್ನು ಹಿಡಿದೆವು. ಮೈಲಿಗೆ ಎರಡೂವರೆ ಲೀಟರ್ ಎಂದುಕೊಂಡರೂ 38 ಮೈಲಿ ಹೋಗಿಬರಲು 190, ಆಪತ್ತಿನ ಪಾಲು ಸೇರಿ 285. ಯಾರ್ಡಿನ ಸಾಮಾನ್ಯ 400 ಲೀಟರ್ ಟ್ಯಾಂಕಿನಲ್ಲಿ ಬಳಸಲು ಸಿಗುವುದು 360 ಎಂದರೂ ಧಾರಾಳ. 550ರದ್ದನ್ನು ಬಿಟ್ಟದ್ದರಿಂದ ತುಂಬಿದ ದೋಣಿಯಲ್ಲಿ 111 ಕಿಲೋ ಪೆಟ್ರೋಲ್ ಉಳಿಯಿತು. ಟವರ್ ಕೂಡ ಹೋಯಿತು. ತಲೆಯ ಮೇಲೆ ಮೂರು ಮೀಟರ್ ಎತ್ತರದಲ್ಲಿ ಕಬ್ಬಿಣದಂಗಡಿ ಕಟ್ಟಿಕೊಂಡು ಅಡ್ಡಲೆಯಲ್ಲಿ ನಿಲ್ಲುವ ದೋಣಿಯನ್ನು ನಾನು ಒಪ್ಪಲಿಲ್ಲ. ಟಿ-ಟಾಪ್ ಎನ್ನುವ ಸಾಧಾರಣ ಮೇಲ್ಛಾವಣಿ ಉಳಿಯಿತು.

ಕಾಗದ

ಯಾರ್ಡಿನ ಮೊದಲ ಕೊಟೇಶನ್ ಒಂದೇ ಪುಟ. ಒಡಲಿನ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಪಂಪಿನ ಬಗ್ಗೆ ಅದರಲ್ಲಿ "ಬಿಲ್ಜ್ ಪಂಪ್ – 2" ಎಂದಿತ್ತು, ಅಷ್ಟೇ. ನಾವು ಹಿಂದಿರುಗಿಸಿದ್ದು 11 ಪುಟ. ಪಂಪಿನ ಸಾಲು ಹೀಗಾಯಿತು: ಎರಡು ಪಂಪ್, ಒಂದು ತಳದಲ್ಲಿ, ಇನ್ನೊಂದು ಒಂದು ಗೇಣು ಮೇಲೆ, ಎರಡಕ್ಕೂ ನೀರು ಏರಿದರೆ ತಾನಾಗಿ ಓಡಿಸುವ ತನ್ನದೇ ಫ್ಲೋಟ್ ಸ್ವಿಚ್, ಮುಖ್ಯ ಸ್ವಿಚ್ ಆರಿಸಿದ್ದರೂ ಓಡುವಂತೆ ಫ್ಯೂಸ್ ಮೂಲಕ ನೇರ ಬ್ಯಾಟರಿಗೆ, ಮೇಲಿನದು ಓಡಿದರೆ ಕನ್ಸೋಲಿನಲ್ಲಿ ಎಚ್ಚರಿಕೆಯ ಗಂಟೆ. ಪಂಪಿನ ಡಬ್ಬಿಯ ಮೇಲಿನ ಅಂಕಿಯನ್ನು ನಂಬಬೇಡಿ, ಅದು ನೀರನ್ನು ಎತ್ತರಕ್ಕೆ ಎತ್ತದೆ ಅಳೆದದ್ದು. ವೈರುಗಳಿಗೆ ತವರ ಲೇಪಿಸಿದ ತಾಮ್ರ. ಸಂಚಾರ ದೀಪಗಳ ವೈರಿನಲ್ಲಿ ವೋಲ್ಟೇಜ್ ಇಳಿತ ಶೇ. 3 ಮೀರಬಾರದೆಂಬ, ಅಮೆರಿಕದ ದೋಣಿ ಮಾನದಂಡ ಸಂಸ್ಥೆ ಎಬಿವೈಸಿಯ ನಿಯಮವನ್ನು ಪಂಪಿಗೂ ಸೇರಿಸಿ ಬರೆದೆವು.

ಬರೆಯುವಾಗ ಕಲಿತ ಒಂದು ಸಂಗತಿ ಇದೆ. ನಾವು ನಿರ್ಧರಿಸುತ್ತಿದ್ದದ್ದು ನಮಗೆ ರುಚಿಸಿದ ಕ್ರಮದಲ್ಲಿ. ದೋಣಿ ಕಟ್ಟುವ ಕ್ರಮ ಅದಕ್ಕೆ ತದ್ವಿರುದ್ಧ. ಮೊದಲು ಅಚ್ಚಿನಲ್ಲಿ ಗಾಜಿನ ನಾರು ಹಾಸುತ್ತಾರೆ, ಆಮೇಲೆ ಒಳಗಿನ ತೊಲೆಗಳು, ಟ್ಯಾಂಕು, ಡೆಕ್, ಕನ್ಸೋಲ್, ಎಂಜಿನ್, ವೈರಿಂಗ್, ಕೊನೆಗೆ ದಿಂಬು. ಟಿ-ಟಾಪ್ ಕಾಲುಗಳು ಎಲ್ಲಿ ನಿಲ್ಲುತ್ತವೆಂದು ನಾರು ಹಾಸುವ ದಿನಕ್ಕೇ ಗೊತ್ತಿರಬೇಕು, ಏಕೆಂದರೆ ಡೆಕ್ಕಿನ ನಡುಪದರದಲ್ಲಿ ಹಗುರವಾದ ಫೋಮ್ ಇರುತ್ತದೆ. ಬೋಲ್ಟ್ ಬರುವ ಕಡೆ ಫೋಮ್ ಬಿಟ್ಟು ಗಟ್ಟಿ ನಾರು ತುಂಬಬೇಕು. ಆಮೇಲೆ ಕೊರೆದರೆ ಸ್ಕ್ರೂ ಹಿಡಿಯುವುದಿಲ್ಲ, ನೀರು ಒಳಗೆ ಇಳಿಯುತ್ತದೆ. ಪ್ರತಿ ಹಂತಕ್ಕೂ "ಇದಾದ ಮೇಲೆ ಏನನ್ನು ಬದಲಿಸಲಾಗದು" ಎಂದು ಬರೆದುಕೊಡಿ ಎಂದು ಕೇಳಿದೆವು. ಮೇಸ್ತ್ರಿ ಒಂದು ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದುಕೊಟ್ಟರು. ಇಡೀ ವ್ಯವಹಾರದಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ದಾಖಲೆ ಅದೇ.

ಹಣವನ್ನು ತಾರೀಖಿಗೆ ಕೊಡಿ ಎಂದರು ಯಾರ್ಡಿನವರು. ಕೆಲಸಕ್ಕೆ ಕೊಡುತ್ತೇವೆ ಎಂದೆವು. ಒಡಲು ಅಚ್ಚಿನಿಂದ ಹೊರಬಂದು ಅದರ ಗುರುತಿನ ಸಂಖ್ಯೆ ರಸೀದಿಯಲ್ಲಿ ಕಾಣಿಸಿದಾಗ ಒಂದು ಕಂತು, ಡೆಕ್ ಕೂಡಿದಾಗ ಇನ್ನೊಂದು, ಎಂಜಿನ್ನಿನ ಸಂಖ್ಯೆ ಬಂದಾಗ ಮತ್ತೊಂದು. ಕೊನೆಯ ಶೇ. 10 ಸಮುದ್ರ ಪರೀಕ್ಷೆಯ ನಂತರ. ಅರ್ಧ ಕಟ್ಟಿದ ದೋಣಿ ಯಾರ್ಡಿನ ಅಂಗಳದಲ್ಲಿರುವಾಗ ಅದು ಯಾರದೆಂಬ ಪ್ರಶ್ನೆ ಬಂದರೆ ಆ ಸಂಖ್ಯೆಯೇ ಸಾಕ್ಷಿ. ಎಳೆದಾಡಿ ಒಪ್ಪಿದರು. ಏಳು ತಿಂಗಳೆಂದದ್ದು ಹತ್ತಾಯಿತು, ಎಂಜಿನ್ ಬರಲು ತಡವಾಗಿ.

ನಮ್ಮ ತಪ್ಪು

11 ಪುಟಗಳಲ್ಲಿ ಒಂದು ಕಡೆ ನಾನೇ "ಸೂಕ್ತ ಜಾಗದಲ್ಲಿ" ಎಂದು ಬರೆದಿದ್ದೆ. ಆಳ ತೋರಿಸುವ ಸೌಂಡರಿನ ಸಂವೇದಕದ ಬಗ್ಗೆ. ಯಾರ್ಡಿಗೆ ಸೂಕ್ತವೆನಿಸಿದ್ದು ವೈರು ಎಳೆಯಲು ಹತ್ತಿರವಾದ ಜಾಗ. ಅದು ತಳದ ಉದ್ದಕ್ಕೂ ಇರುವ ಏಣಿನ ಸರಿ ಹಿಂದೆ. ಸಮುದ್ರ ಪರೀಕ್ಷೆಯಲ್ಲಿ 18 ನಾಟ್ ದಾಟಿದೊಡನೆ ಪರದೆಯಲ್ಲಿ ತಳ ಮಾಯ, ಬರೀ ಹಿಮ ಸುರಿದಂತೆ ಚುಕ್ಕಿಗಳು. ಏಣಿನಿಂದ ಕಳಚಿದ ಗಾಳಿಗುಳ್ಳೆಗಳು ಸಂವೇದಕದ ಮುಖದ ಮೇಲೆ ಹರಿಯುತ್ತಿದ್ದವು. ಹೊಚ್ಚಹೊಸ ದೋಣಿಯ ತಳದ ರಂಧ್ರವನ್ನು ಮುಚ್ಚಬೇಕಾಯಿತು. ರಂಧ್ರದ ಸುತ್ತ ಪದರದ ದಪ್ಪದ 12 ಪಟ್ಟು ದೂರದವರೆಗೆ ಇಳಿಜಾರಾಗಿ ಉಜ್ಜಿ, ನಾರು ಕೂರಿಸಿ, ಬೇರೆ ಕಡೆ ಹೊಸದು ಕೊರೆದರು. ಮೂರು ವಾರ ಹೋಯಿತು, ಖರ್ಚು ಅರ್ಧ ನಮ್ಮದು. ಪೂರ್ತಿ ಅವರದೇ ಎಂದು ವಾದಿಸಲು ಆ ಎರಡು ಪದಗಳು ಬಿಡಲಿಲ್ಲ.

ಪ್ರೊಪೆಲ್ಲರ್ ಕೂಡ ಬದಲಾಯಿತು. ಪೂರ್ತಿ ಇಂಧನ, ತುಂಬಿದ ತೊಟ್ಟಿ, ನಾಲ್ಕು ಜನ ಇದ್ದಾಗ ಪೂರ್ಣ ಥ್ರಾಟಲಿನಲ್ಲಿ ಎಂಜಿನ್ ನಿಮಿಷಕ್ಕೆ 5100 ಸುತ್ತಿಗೆ ನಿಂತಿತು. ತಯಾರಕರು ಹೇಳಿದ ವ್ಯಾಪ್ತಿ 5000ದಿಂದ 6000. ವ್ಯಾಪ್ತಿಯ ಒಳಗೇ ಇದೆಯಲ್ಲ ಎಂದರು ಯಾರ್ಡಿನವರು. ತಳಕ್ಕೆ ಪಾಚಿ ಹತ್ತಿದ ದಿನ ಇರುವುದಿಲ್ಲ. ಪಿಚ್ (ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೊತ್ತುವ ದೂರ) ಒಂದು ಇಂಚು ಇಳಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ. ಎರಡು ಇಂಚು ಕಡಿಮೆಯದನ್ನು ಹಾಕಿಸಿದ ಮೇಲೆ 5450ಕ್ಕೆ ಬಂತು.

ಕೊನೆಯ ಕಂತು ಕೊಡುವ ಮೊದಲು ದೋಣಿಯನ್ನು ಅದೇ ದಡಕ್ಕೆ ಕಟ್ಟಿ, ಟ್ಯಾಂಕು ಮತ್ತು ತೊಟ್ಟಿ ತುಂಬಿಸಿ, ಮೂವರು ಹಿಂಗೋಡೆಗೆ ಒರಗಿ ನಿಂತೆವು. ಭಾವ ಬಗ್ಗಿ ತೂಬಿನ ಬಾಯಿಗೆ ಬೆರಳಿಟ್ಟರು. ಒಂದೂವರೆ ಬೆರಳು ಮೇಲಿತ್ತು. ನಾಲ್ಕನೆಯವರಾಗಿ ಮೇಸ್ತ್ರಿಯನ್ನೂ ಕರೆದರು. ಒಂದು ಬೆರಳಾಯಿತು. ಒಣಗಿದ ಡೆಕ್ಕಿನ ಮೇಲೆ ನಿಂತು ಚೆಕ್ ಬರೆದೆ.

ಈಗ ಒಂದು ವರ್ಷವಾಗಿದೆ. ಭಾವ ಟವರಿನ ಮಾತನ್ನು ಪೂರ್ತಿ ಬಿಟ್ಟಿಲ್ಲ. ಮೊನ್ನೆ ಯಾರೋ ಹಗುರವಾದ ಅಲ್ಯೂಮಿನಿಯಂ ಟವರಿನ ಚಿತ್ರ ಕಳಿಸಿದ್ದರಂತೆ, ತಂದು ತೋರಿಸಿದರು. ಎಷ್ಟು ಕಿಲೋ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಕ್ಯಾನುಗಳು ಶೆಡ್ಡಿನಲ್ಲೇ ಇವೆ ಎಂದೆ.